ಅಮ್ಮ ಹೋದ ಮೇಲೆ: ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತಾಯಿ ತೀರಿಕೊಂಡ ಮನೆಗಳಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಬಗೆಯವು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಕನ್ನಡ, ತುಳು, ಹವ್ಯಕ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಜಾತಿಗೊಂದು, ತರವಾಡಿಗೊಂದು (ಕುಟುಂಬದ ಮೂಲಮನೆಗೊಂದು) ಕ್ರಮ ಇರುವುದರಿಂದ ಕ್ರಿಯೆಯ ವಿಷಯದಲ್ಲಿ ನಿಮ್ಮ ಮನೆಯ ಹಿರಿಯರ ಮಾತೇ ಮೇಲು. ಒಂದು ಮಾತ್ರ ಎಲ್ಲ ಮನೆಗೂ ಸಮಾನ: ಕೆಲವು ಕೆಲಸಗಳಿಗೆ ಗಡುವು ಇದೆ, ಕೆಲವಕ್ಕೆ ಇಲ್ಲ. ಗಡುವು ಇರುವ ಮರಣಪತ್ರವನ್ನು ಮರೆತು, ಗಡುವೇ ಇಲ್ಲದ ಸೀರೆ ಕಪಾಟನ್ನು ಹದಿಮೂರನೇ ದಿನ ಖಾಲಿ ಮಾಡುವವರು ಬಹಳ.

## ಮೊದಲ ದಿನಗಳು

ಅಮ್ಮ ಮನೆಯಲ್ಲೇ ಹೋದರು. ಕೂಡಲೇ ಮಾಡಬೇಕಾದ್ದು ಏನು?

ಗಡಿಯಾರ ನೋಡಿ ಹೊತ್ತು ಬರೆದಿಡಿ. ಮುಂದೆ ತಿಥಿ ಲೆಕ್ಕಕ್ಕೂ ಪಂಚಾಯತಿನ ಅರ್ಜಿಗೂ ಅದೇ ಬೇಕು. ಮೈ ಸೆಟೆಯುವುದು ಎರಡು ಮೂರು ಗಂಟೆಯೊಳಗೆ ಶುರುವಾಗುತ್ತದೆ, ಮೊದಲು ದವಡೆ ಬಿಗಿಯುತ್ತದೆ. ಅದಕ್ಕೆ ಮುಂಚೆ ರೆಪ್ಪೆ ಮುಚ್ಚಿ, ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿ, ಕೈಕಾಲು ನೇರ ಮಾಡಿ. ಬಳೆ ಬಾರದಿದ್ದರೆ ಸಾಬೂನಿನ ನೀರು ಹಚ್ಚಿ. ಮೂಗುಬೊಟ್ಟು ಹೆಚ್ಚಾಗಿ ಮರೆತುಹೋಗುತ್ತದೆ. ತೆಗೆದ ಚಿನ್ನವನ್ನೆಲ್ಲ ಇಬ್ಬರ ಎದುರು ಎಣಿಸಿ, ಚೀಟಿ ಬರೆದು ಒಬ್ಬರ ಕೈಗೆ ಕೊಡಿ.

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ದಹನಕ್ಕೆ ಮುಂಚೆ ಡಾಕ್ಟರರಿಂದ ತೆಗೆಸಲೇಬೇಕು. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ಡಾಕ್ಟರರು ಬಂದು ನೋಡಿ ಕೊಡುವ ಕಾರಣದ ಚೀಟಿಯನ್ನು ಜೋಪಾನ ಮಾಡಿ. ಬಿದ್ದು, ಹಾವು ಕಚ್ಚಿ, ಕರೆಂಟು ಹೊಡೆದು ಹೋದದ್ದಾದರೆ ಪೊಲೀಸರಿಗೆ ತಿಳಿಸದೆ ಚಿತೆಗೆ ಒಯ್ಯಬೇಡಿ. ಆಮೇಲೆ ಕಾಗದಪತ್ರ, ವಿಮೆ ಎಲ್ಲ ಸಿಕ್ಕಿಬೀಳುತ್ತದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರಣಪತ್ರ ನಮ್ಮ ಪಂಚಾಯತಿನಲ್ಲಿ ಸಿಗುತ್ತದಾ?

ಸಿಗುವುದಿಲ್ಲ. ಸಾವು ನಡೆದ ಊರಿನಲ್ಲೇ ನೋಂದಣಿ. ಮನೆ, ಆಧಾರ್, ದಹನ ಎಲ್ಲ ಕೇರಳದಲ್ಲಿದ್ದರೂ ಪತ್ರ ಕರ್ನಾಟಕದ್ದೇ. ಆಸ್ಪತ್ರೆಯವರು ಅಲ್ಲಿನ ನೋಂದಣಾಧಿಕಾರಿಗೆ ವರದಿ ಕಳಿಸುತ್ತಾರೆ. ನಿಮ್ಮ ಕೆಲಸ, ಆ ವರದಿಯಲ್ಲಿ ಹೆಸರು ಸರಿಯಾಗಿ ಬೀಳುವಂತೆ ನೋಡಿಕೊಳ್ಳುವುದು. ದಾಖಲು ಮಾಡುವಾಗ ಅವಸರದಲ್ಲಿ ಯಾರೋ ಹೇಳಿದ ಹೆಸರು ಹಾಗೆಯೇ ಮುಂದುವರಿಯುತ್ತದೆ: ಮನೆಯಲ್ಲಿ ಕರೆಯುವ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ಮಲಯಾಳದಲ್ಲಿ ಬರೆದ ಹಳೆಯ ರೇಷನ್ ಕಾರ್ಡಿನಲ್ಲಿ ಮತ್ತೊಂದು. ದೇಹ ಬಿಡಿಸಿಕೊಳ್ಳುವ ಮೊದಲೇ ಆಧಾರ್ ಪ್ರತಿ ಕೊಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಮನೆಯಲ್ಲೇ ಹೋದದ್ದಾದರೆ ನಿಮ್ಮ ಪಂಚಾಯತು ಅಥವಾ ನಗರಸಭೆ. ಎರಡು ಕಡೆಯಲ್ಲೂ ಗಡುವು 21 ದಿನ. ಅದು ದಾಟಿ 30 ದಿನದವರೆಗೆ ತಡದಂಡ ಕಟ್ಟಿದರೆ ಆಗುತ್ತದೆ; ಆಮೇಲೆ ಮೇಲಿನ ಅಧಿಕಾರಿಯ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಒಂದೇ ಪ್ರತಿ ತರಬೇಡಿ, ಐದಾರು ಮಾಡಿಸಿ. ಇಲ್ಲಿನ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಲು ಹಿಂಜರಿಯಬೇಕಾಗಿಲ್ಲ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ.

ನಾನು ದುಬೈಯಲ್ಲಿದ್ದೆ. ಮುಖ ನೋಡಲು ಸಿಗಲಿಲ್ಲ. ಈಗ ಬಂದು ಏನು ಮಾಡಲಿ?

ಬನ್ನಿ. ಯುಎಇ ಕಾರ್ಮಿಕ ಕಾನೂನಿನಲ್ಲಿ ತಾಯಿ ತೀರಿಕೊಂಡರೆ ಸಿಗುವ ಸಂಬಳಸಹಿತ ರಜೆ ಮೂರೇ ದಿನ. ಅದರಲ್ಲಿ ಹೋಗಿಬರುವುದೇ ಮುಗಿಯುತ್ತದೆ. ಹಾಗಾಗಿ ವಾರ್ಷಿಕ ರಜೆಯನ್ನು ಸೇರಿಸಿ ಕೇಳಿ. ಚಿತೆಗೆ ಸಿಗದಿದ್ದರೆ ಹನ್ನೊಂದನೇ ದಿನಕ್ಕಾದರೂ ಸಿಗುವ ಹಾಗೆ ಟಿಕೆಟು ಮಾಡಿ. ಮುಖ ನೋಡದವರಿಗೆ ಸಾವು ಬಹಳ ಕಾಲ ಸುಳ್ಳೆನಿಸುತ್ತದೆ. ಊರಿಗೆ ಬಂದ ದಿನವೇ ಜನರೆಲ್ಲ ಸೇರುವ ಮೊದಲು ಒಬ್ಬರೇ ದಹನದ ಜಾಗಕ್ಕೆ ಹೋಗಿ ನಿಲ್ಲಿ. ಕೊನೆಯ ದಿನಗಳಲ್ಲಿ ಅಮ್ಮ ಏನು ತಿಂದರು, ಯಾರನ್ನು ಕೇಳಿದರು, ಯಾವ ಹೊತ್ತಿಗೆ ಏನಾಯಿತು ಎಂದು ಜೊತೆಗಿದ್ದವರಿಂದ ಕ್ರಮವಾಗಿ ಕೇಳಿ ತಿಳಿದುಕೊಳ್ಳಿ. ಕೇಳುವ ದನಿ ಮಾತ್ರ ವಿಚಾರಣೆಯ ದನಿ ಆಗಬಾರದು. ನೋಡಿಕೊಂಡ ತಂಗಿಗೂ ಅತ್ತಿಗೆಗೂ ಆ ಹೊತ್ತಿಗೆ ನಿದ್ದೆ ಕೆಟ್ಟು ವಾರಗಳಾಗಿರುತ್ತವೆ.

ಸಾವಿನ ಮನೆಗೆ ಹೋಗಿ ಏನು ಮಾತಾಡುವುದು?

ಸ್ವಲ್ಪವೇ ಮಾತಾಡಿ. "ಪ್ರಾಯ ಆಗಿತ್ತಲ್ಲ", "ಒಳ್ಳೆ ಮರಣ", "ನರಳಲಿಲ್ಲವಲ್ಲ" ಎಂಬ ಮೂರನ್ನು ಬಿಡಿ. ಎಂಬತ್ತೈದರ ತಾಯಿ ಹೋದರೂ ಮಗಳಿಗೆ ತಾಯಿಯೇ ಹೋದದ್ದು. ಅವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಂಗತಿ ಹೇಳಿ, ಅಷ್ಟು ಸಾಕು. ಒಂದು ಫ್ಲಾಸ್ಕ್ ಕಾಫಿ ಒಯ್ಯಿರಿ, ಕುಡಿದ ಲೋಟ ನೀವೇ ತೊಳೆಯಿರಿ.

## ಕ್ರಿಯೆ, ಬೊಜ್ಜ, ತಿಥಿ

ಸೂತಕ ಎಷ್ಟು ದಿನ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಲ್ಲರೂ ಸರಿಯೇ ಹೇಳುತ್ತಿರಬಹುದು. ಬ್ರಾಹ್ಮಣರಲ್ಲಿ ಹತ್ತು ದಿನ, ಹನ್ನೊಂದಕ್ಕೆ ಶುದ್ಧ. ಬೇರೆ ಸಮುದಾಯಗಳಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಹನ್ನೊಂದು, ಹದಿಮೂರು ಅಥವಾ ಹದಿನಾರಕ್ಕೆ. ಮಲಯಾಳ ಕ್ರಮದ ಮನೆಗಳಲ್ಲಿ "ಪುಲ" ಹದಿನಾರು ದಿನದ್ದೂ ಉಂಟು. ಗಡಿನಾಡಿನಲ್ಲಿ ಅಮ್ಮನ ತವರಿನ ಕ್ರಮ ಒಂದು, ಅಪ್ಪನ ಮನೆಯದು ಇನ್ನೊಂದು ಆಗಿರುವುದೇ ಗೊಂದಲಕ್ಕೆ ಮೂಲ. ತಾಯಿಯ ಕಡೆಯಿಂದ ಕುಲ ಎಣಿಸುವ ಅಳಿಯಕಟ್ಟಿನ ಮನೆಯಾದರೆ ತಾಯಿಯ ತರವಾಡಿನ ಹಿರಿಯರನ್ನು ಮೊದಲ ದಿನವೇ ಕೇಳಿ, ದಿನವನ್ನು ಗಟ್ಟಿ ಮಾಡಿಬಿಡಿ. ಆಮಂತ್ರಣ ಅಚ್ಚಾದ ಮೇಲೆ ಲೆಕ್ಕ ತಪ್ಪಿದೆ ಎಂದು ಗಲಾಟೆ ಶುರುವಾದರೆ ಯಾರಿಗೂ ದುಃಖಿಸಲು ಪುರುಸೊತ್ತು ಸಿಗುವುದಿಲ್ಲ.

ನಾವು ಮೂವರೂ ಹೆಣ್ಣುಮಕ್ಕಳು. ಕ್ರಿಯೆ ನಾವೇ ಮಾಡಬಹುದಾ?

ತಡೆಯುವ ಕಾನೂನು ಯಾವುದೂ ಇಲ್ಲ. ಮಾಡಿಸುವ ಪುರೋಹಿತರು ಸಿಗುತ್ತಾರೆ, ಒಪ್ಪದವರೂ ಇದ್ದಾರೆ. ಚಿತೆಯ ಎದುರು ನಿಂತು ವಾದಿಸುವ ವಿಷಯವಲ್ಲ ಇದು. ಅಮ್ಮನಿಗೆ ಆ ಇಚ್ಛೆ ಇದ್ದರೆ ಅವರು ಕಾಯಿಲೆ ಬಿದ್ದಾಗಲೇ ಪುರೋಹಿತರ ಹತ್ತಿರ ಮಾತಾಡಿಡಿ. ಅಳಿಯನೋ ದಾಯಾದಿಯೋ ಕೊಳ್ಳಿ ಇಟ್ಟು, ತಿಲೋದಕವನ್ನು ಮಗಳು ಬಿಡುವ ಮಧ್ಯದ ದಾರಿಯನ್ನು ಕೆಲವು ಮನೆಗಳು ಹಿಡಿಯುತ್ತವೆ. ಮೂವರಲ್ಲಿ ಯಾರು ಎಂಬುದನ್ನು ಮೊದಲೇ ನಿಶ್ಚಯ ಮಾಡಿಕೊಳ್ಳಿ.

ಅಸ್ಥಿ ಎಲ್ಲಿ ಬಿಡುವುದು?

ಗೋಕರ್ಣಕ್ಕೆ ಒಯ್ಯುವವರಿದ್ದಾರೆ, ವಯನಾಡಿನ ತಿರುನೆಲ್ಲಿಗೆ ಹೋಗುವವರೂ ಇದ್ದಾರೆ. ಹತ್ತಿರದಲ್ಲಿ ಬೇಕಲದ ಬಳಿಯ ತೃಕ್ಕಣ್ಣಾಡು ಕಡಲು. ಚಿತೆ ಪೂರ್ತಿ ಆರದೆ ಕೈ ಹಾಕಬೇಡಿ. ಮೇಲೆ ತಣ್ಣಗಿದ್ದರೂ ಬೂದಿಯ ಅಡಿಯಲ್ಲಿ ಕೆಂಡ ಉಳಿದಿರುತ್ತದೆ. ಹಾಲು ನೀರು ಚಿಮುಕಿಸಿ, ಕಾಲಿನ ಕಡೆಯಿಂದ ತಲೆಯ ಕಡೆಗೆ ಆರಿಸುವುದು ವಾಡಿಕೆ. ಹೊಸ ಮಣ್ಣಿನ ಮಡಕೆ, ಬಾಯಿಗೆ ಬಿಳಿ ಬಟ್ಟೆ. ದೂರ ಹೋಗುವುದಿದ್ದರೆ ಮಡಕೆಯನ್ನು ಬೈಹುಲ್ಲು ಸುತ್ತಿದ ಬುಟ್ಟಿಯಲ್ಲಿಡಿ, ಘಾಟಿಯ ತಿರುವಿನಲ್ಲಿ ಒಡೆಯುತ್ತದೆ. ನೀರಿಗೆ ಬಿಡುವುದು ಅಸ್ಥಿಯನ್ನು ಮಾತ್ರ. ಪ್ಲಾಸ್ಟಿಕ್ ಚೀಲ, ಸೀರೆ, ಮಾತ್ರೆಯ ಡಬ್ಬಿ ಹೊಳೆಗೆ ಬೇಡ.

ಪಿಂಡವನ್ನು ಕಾಗೆ ಮುಟ್ಟಲೇ ಇಲ್ಲ. ಅಮ್ಮನಿಗೆ ಏನೋ ಬಾಕಿ ಉಳಿದಿದೆಯಾ?

ಈ ಪ್ರಶ್ನೆ ಕೇಳುವವರ ದನಿ ನಡುಗುತ್ತಿರುತ್ತದೆ. ಆದ್ದರಿಂದ ವಿವರವಾಗಿಯೇ ಹೇಳಬೇಕು. ಕಾಗೆ ಜಾಣ ಹಕ್ಕಿ, ಗುಂಪು ಕಂಡರೆ ಇಳಿಯುವುದಿಲ್ಲ. ಇಪ್ಪತ್ತು ಜನ ಸುತ್ತ ನಿಂತು ಮೊಬೈಲು ಎತ್ತಿ ಹಿಡಿದಿದ್ದರೆ, ಹೋಮದ ಹೊಗೆ ಅದೇ ದಿಕ್ಕಿಗೆ ಬೀಸುತ್ತಿದ್ದರೆ, ಶಾಮಿಯಾನದ ಬಟ್ಟೆ ಪಟಪಟ ಬಡಿಯುತ್ತಿದ್ದರೆ ಅದು ಮರದಲ್ಲೇ ಕೂರುತ್ತದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿಗೆ ಹಕ್ಕಿಯೇ ಇರುವುದಿಲ್ಲ. ಜೋರು ಮಳೆಗೂ ಹಾಗೆಯೇ.

ಎಲೆಯನ್ನು ತೆರೆದ ಜಾಗದಲ್ಲಿ, ಹತ್ತಿರ ಒಂದು ಮರ ಇರುವ ಹಾಗೆ ಇಡಿ. ಒದ್ದೆ ಕೈ ಮೂರು ಸಲ ತಟ್ಟಿ, ಎಲ್ಲರೂ ಹತ್ತು ಹದಿನೈದು ಮಾರು ಹಿಂದೆ ಸರಿಯಿರಿ. ಇಪ್ಪತ್ತು ನಿಮಿಷ ಯಾರೂ ಮಾತಾಡದೆ ಕಾಯಿರಿ. ಬಾರದಿದ್ದರೆ ದನಕ್ಕೆ ಕೊಡುವುದು ಅಥವಾ ನೀರಿಗೆ ಬಿಡುವುದು ಕ್ರಮದಲ್ಲೇ ಇರುವ ದಾರಿ. "ಅಮ್ಮನಿಗೆ ಕಿರಿಮಗಳ ಮದುವೆಯದ್ದೇ ಚಿಂತೆ" ಎಂದು ಆ ಹೊತ್ತಿಗೆ ಯಾರಾದರೂ ಹೇಳಿದರೆ ಆ ಮಾತು ಕಿರಿಮಗಳ ಎದೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಹಾಗೆ ಹೇಳುವವರನ್ನು ಮೆಲ್ಲಗೆ ಬದಿಗೆ ಕರೆದುಕೊಂಡು ಹೋಗಲು ಮನೆಯ ಒಬ್ಬರು ತಯಾರಿರಲಿ.

ಬೊಜ್ಜದ ಊಟಕ್ಕೆ ಸಾಲ ಮಾಡಬೇಕಾಗಿ ಬಂದಿದೆ. ಕಮ್ಮಿ ಮಾಡಿದರೆ ಜನ ಏನು ಹೇಳುತ್ತಾರೆ?

ಎರಡು ದಿನ ಹೇಳುತ್ತಾರೆ, ಸಾಲ ಎರಡು ವರ್ಷ ಇರುತ್ತದೆ. ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ಖಾಲಿಯಾಗಿರುವ ಹೊತ್ತಿಗೆ ಮದುವೆಗಿಂತ ಜೋರಿನ ಊಟ ಬೇಡ. ಕರೆಯುವ ಪಟ್ಟಿಯನ್ನು ಮೊದಲು ಬರೆಯಿರಿ: ಹೊತ್ತವರು, ರಾತ್ರಿ ಕಾದವರು, ಅಮ್ಮನ ತವರು, ನೆರೆಕರೆ. ಅಷ್ಟಕ್ಕೇ ನೂರು ದಾಟುತ್ತದೆ. ನೂರು ಜನಕ್ಕೆ 10–12 ಕಿಲೊ ಅಕ್ಕಿ, 15 ಲೀಟರ್ ಪಾಯಸ ಲೆಕ್ಕ ಹಿಡಿದರೆ ಸಾಕು. ಪಾಯಸ ಎರಡು ಬಗೆ, ಹೋಳಿಗೆ, ಐಸ್‌ಕ್ರೀಮು ಇಲ್ಲದಿದ್ದರೆ ಯಾರ ಹೊಟ್ಟೆಯೂ ಹಸಿಯುವುದಿಲ್ಲ. ಬದಲಿಗೆ ಅಮ್ಮನ ಕೈಯ ಒಂದು ಪದಾರ್ಥ ಇರಲಿ. ಅವರ ಬೋಳುಹುಳಿಯೋ ಸಾಸಮೆಯೋ ಪಂಕ್ತಿಯಲ್ಲಿ ಬಂದರೆ ಊಟದ ಮಾತು ತಾನಾಗಿಯೇ ಅವರ ಕಡೆ ತಿರುಗುತ್ತದೆ.

ಅಮ್ಮನ ಆಪ್ತ ಗೆಳತಿ ಬ್ಯಾರಿ, ಮುಸ್ಲಿಂ. ಕರೆಯಬಹುದಾ?

ಕರೆಯದಿದ್ದರೆ ತಪ್ಪು. ಕ್ರಿಯೆ ಮುಗಿದ ಮೇಲೆ ಊಟದ ಹೊತ್ತಿಗೆ ಕರೆಯಿರಿ. ಬಾವಿಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆ ಜಗಲಿಯಲ್ಲಿ ನಡೆದ ನಲವತ್ತು ವರ್ಷದ ಮಾತುಕತೆ ಅವರ ಹತ್ತಿರ ಇರುತ್ತದೆ. ಮಕ್ಕಳಿಗೆ ಗೊತ್ತಿಲ್ಲದ ಅಮ್ಮ ಅದರಲ್ಲಿ ಸಿಗುತ್ತಾರೆ.

ವರ್ಷದ ತಿಥಿಯನ್ನು ತಾರೀಕಿಗೆ ಮಾಡುವುದಾ, ನಕ್ಷತ್ರಕ್ಕಾ, ತಿಥಿಗಾ?

ಮಲಯಾಳ ಕ್ರಮದಲ್ಲಿ ಶ್ರಾದ್ಧಕ್ಕೆ ಸೌರ ತಿಂಗಳ ನಕ್ಷತ್ರ ನೋಡುತ್ತಾರೆ. ನಮ್ಮ ಕಡೆಯ ಕನ್ನಡ, ತುಳು ಬ್ರಾಹ್ಮಣರಲ್ಲಿ ತಿಥಿ. ಅದರಲ್ಲೂ ತಿಂಗಳು ಸೌರವೋ ಚಾಂದ್ರವೋ ಎಂಬುದು ಮನೆಯ ಪದ್ಧತಿ. ತಾರೀಕು ಪತ್ರಿಕೆಯ ಶ್ರದ್ಧಾಂಜಲಿಗೆ ಮಾತ್ರ. ತೀರಿಕೊಂಡ ದಿನವೇ ಒಂದು ಹಾಳೆಯಲ್ಲಿ ತಾರೀಕು, ಗಂಟೆ, ಸಂವತ್ಸರ, ಸೌರ ತಿಂಗಳು ಮತ್ತು ಅದರ ಎಷ್ಟನೇ ದಿನ, ಪಕ್ಷ, ತಿಥಿ, ನಕ್ಷತ್ರ ಇವಿಷ್ಟನ್ನು ಬರೆದು ಪಂಚಾಂಗದೊಳಗೆ ಇಟ್ಟುಬಿಡಿ. ತಿಥಿ ನಡುಹಗಲಿಗೂ ಬದಲಾಗುವುದರಿಂದ ಗಂಟೆ ಬರೆಯದಿದ್ದರೆ ಹತ್ತು ವರ್ಷದ ನಂತರ ಅಣ್ಣತಮ್ಮಂದಿರು ಎರಡು ಬೇರೆ ದಿನ ಮಾಡುವ ಹಾಗಾಗುತ್ತದೆ.

ಮೊದಲ ವರ್ಷ ಮಾಸಿಕಗಳಿವೆ. ನಡುವೆ ಅಧಿಕಮಾಸ ಬಿದ್ದರೆ ಚಾಂದ್ರ ಲೆಕ್ಕದವರಿಗೆ ಒಂದು ಮಾಸಿಕ ಹೆಚ್ಚು. ಹೋದವರನ್ನು ಪಿತೃಗಳೊಡನೆ ಸೇರಿಸುವ ಸಪಿಂಡೀಕರಣ ವರ್ಷದ ಕೊನೆಗೆ ಆಗಬೇಕಾದದ್ದು, ಈಗ ಹನ್ನೆರಡನೇ ದಿನವೇ ಮಾಡುವುದು ರೂಢಿ. ಎಲ್ಲವನ್ನೂ ಊರಿಗೆ ಬಂದು ಮಾಡಲಾಗದವರು ಇರುವ ಊರಿನಲ್ಲೇ ಎಳ್ಳುನೀರು ಬಿಟ್ಟು, ವರ್ಷಾಂತಿಕಕ್ಕೆ ತಪ್ಪದೆ ಬರುವ ಹಾಗೆ ನೋಡಿಕೊಳ್ಳಿ.

ಅಪ್ಪ ಇದ್ದಾರೆ, ಅಮ್ಮ ಮುತ್ತೈದೆಯಾಗಿ ಹೋದರು. ಮಹಾಲಯದಲ್ಲಿ ಬೇರೆ ದಿನ ಉಂಟಾ?

ಉಂಟು. ಮಹಾಲಯ ಪಕ್ಷದ ನವಮಿ, ಅವಿಧವಾ ನವಮಿ. ಆ ದಿನ ಮುತ್ತೈದೆಯೊಬ್ಬರಿಗೆ ಊಟ ಹಾಕಿ ಸೀರೆ, ಬಳೆ, ಅರಸಿನ ಕುಂಕುಮ ಕೊಡುತ್ತಾರೆ.

ಆಟಿ ಅಮಾವಾಸ್ಯೆಗೆ ತೃಕ್ಕಣ್ಣಾಡಿಗೆ ಹೋಗುವುದು ಹೇಗೆ?

ಕರ್ಕಾಟಕ ಮಾಸದ ಅಮಾವಾಸ್ಯೆ, ಮಲಯಾಳದಲ್ಲಿ ಕರ್ಕಡಕ ವಾವು. ಕೇರಳದಲ್ಲಿ ಅಂದು ರಜೆ. ಮುನ್ನಾದಿನ ಒಂದೇ ಹೊತ್ತು ಊಟ ಮಾಡುವುದು ಕ್ರಮ. ಬೆಳಗ್ಗೆ ತ್ರ್ಯಂಬಕೇಶ್ವರ ದೇವಸ್ಥಾನದ ಎದುರಿನ ಕಡಲ ಕರೆಯಲ್ಲಿ ಬಲಿತರ್ಪಣ. ಬೆಳಕು ಹರಿಯುವ ಮೊದಲೇ ಸಾಲು ಬೆಳೆದಿರುತ್ತದೆ. ಆಟಿ ತಿಂಗಳ ಕಡಲು ಯಾರ ಮಾತೂ ಕೇಳುವುದಿಲ್ಲ: ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ, ಅಲೆಗೆ ಬೆನ್ನು ಹಾಕಬೇಡಿ, ಪ್ರಾಯದವರ ಕೈ ಬಿಡಬೇಡಿ. ಒಣ ಬಟ್ಟೆ, ಬೆಲ್ಲದ ಕಾಫಿ, ಸಕ್ಕರೆ ಕಾಯಿಲೆಯವರಿಗೆ ಏನಾದರೂ ತಿನ್ನಲು ಕಾರಿನಲ್ಲಿರಲಿ.

ಅನೇಕ ತುಳು ಮನೆಗಳಲ್ಲಿ ಆಟಿ ತಿಂಗಳಲ್ಲಿ ಹೋದವರಿಗೆ ಮನೆಯೊಳಗೇ ಬಡಿಸುತ್ತಾರೆ. ಕುಡಿಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದು, ಕೋಳಿ ತಿನ್ನುವ ಮನೆಯಾದರೆ ತೆಲ್ಲವು (ತೆಳು ದೋಸೆ) ಮತ್ತು ಕೋಳಿ. ಬಾಗಿಲು ಎಳೆದು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಮನೆಯವರು ಉಣ್ಣುತ್ತಾರೆ. ಕಡಲಿಗೆ ಹೋಗಲಾಗದವರಿಗೆ ಇದು ಕಡಿಮೆಯದೇನಲ್ಲ.

## ಕಾಗದ, ಚಿನ್ನ, ಕಪಾಟು

ಅಮ್ಮನ ಹೆಸರಿನಲ್ಲಿದ್ದ ರೇಷನ್ ಕಾರ್ಡು, ಪಿಂಚಣಿ, ಬ್ಯಾಂಕು ಏನು ಮಾಡುವುದು?

2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ರೇಷನ್ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಂಗಸು. ಅಂದರೆ ಅಮ್ಮ ಹೋದರೆ ಹೆಸರು ತೆಗೆಸಿದರೆ ಮಾತ್ರ ಸಾಲದು, ಕಾರ್ಡನ್ನೇ ಇನ್ನೊಬ್ಬರ ಹೆಸರಿಗೆ ಮಾಡಿಸಬೇಕು. ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಕ್ಷೇಮ ಪಿಂಚಣಿ ಬರುತ್ತಿದ್ದರೆ ಪಂಚಾಯತಿಗೆ ತಿಳಿಸಿ. ತೀರಿಕೊಂಡ ಮೇಲಿನ ಕಂತು ಬಿದ್ದರೆ ಅದು ವಾಪಸು ಹೋಗಬೇಕಾದ ಹಣ. ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಗೊತ್ತಿದೆ ಎಂದು ಬೊಜ್ಜದ ಖರ್ಚಿಗೆ ಹಣ ತೆಗೆಯುವುದು ಎಲ್ಲ ಕಡೆ ನಡೆಯುತ್ತದೆ. ಒಳ್ಳೆಯ ಉದ್ದೇಶದ್ದೇ, ಆದರೆ ಮುಂದೆ ಮಕ್ಕಳೊಳಗೆ ಲೆಕ್ಕದ ಜಗಳ ಶುರುವಾಗುವುದು ಅಲ್ಲಿಂದಲೇ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ಹಕ್ಕು ವಾರಸುದಾರರೆಲ್ಲರದ್ದು. ಉಯಿಲು ಇಲ್ಲದೆ ಹೋದ ಹಿಂದೂ ಹೆಂಗಸಿನ ಆಸ್ತಿ ಸಾಮಾನ್ಯವಾಗಿ ಗಂಡುಮಕ್ಕಳು, ಹೆಣ್ಣುಮಕ್ಕಳು, ಗಂಡ ಇವರಿಗೆ ಸಮನಾಗಿ; ಅಳಿಯಕಟ್ಟಿನ ಮನೆಗಳಿಗೆ ಲೆಕ್ಕ ಬೇರೆ.

ಚಿನ್ನ ಹಂಚುವುದು ಯಾವಾಗ?

ಬೊಜ್ಜದ ಸಂಜೆ ಖಂಡಿತ ಬೇಡ. ಅವತ್ತು ಎಲ್ಲರೂ ಸಿಗುತ್ತಾರೆ ಎಂಬುದೊಂದೇ ಅನುಕೂಲ, ಉಳಿದದ್ದೆಲ್ಲ ಕೆಡುಕು. ಅಂದು ಪಟ್ಟಿ ಮಾತ್ರ ಮಾಡಿ: ಪ್ರತಿಯೊಂದರ ಫೋಟೊ, ತೂಕ. ಹಂಚುವುದು ತಿಂಗಳು ಕಳೆದು. ತೂಕಕ್ಕೆ ತೂಕ ಸರಿಮಾಡುವ ಮೊದಲು, ಯಾರಿಗೆ ಯಾವುದರ ಮೇಲೆ ಮನಸ್ಸು ಎಂದು ಚೀಟಿಯಲ್ಲಿ ಬರೆಸಿ. ಹೆಚ್ಚಿನ ಸಲ ಎಲ್ಲರೂ ಬರೆಯುವುದು ಬೇರೆ ಬೇರೆಯದನ್ನೇ.

ಸೀರೆಗಳನ್ನು ಮುಟ್ಟಲೂ ಆಗುತ್ತಿಲ್ಲ, ಹಾಗೇ ಬಿಟ್ಟರೆ ಹಾಳಾಗುತ್ತವೆ. ಏನು ಮಾಡಲಿ?

ಹಂಚಲು ಗಡುವಿಲ್ಲ. ಆದರೆ ನಮ್ಮ ಮಳೆಗಾಲಕ್ಕೆ ಮುಂಚೆ ಒಂದು ಸಲ ಕಪಾಟು ತೆರೆಯಲೇಬೇಕು. ಕಾಸರಗೋಡು ಸೀರೆಯಂಥ ಕೈಮಗ್ಗದ ಹತ್ತಿಯನ್ನು ಗಂಜಿ ಸಮೇತ ಇಟ್ಟರೆ ಬೆಳ್ಳಿಮೀನು ಎಂಬ ಹುಳ ಗಂಜಿಯ ಆಸೆಗೆ ಬಂದು ನೂಲನ್ನೂ ತಿನ್ನುತ್ತದೆ. ತಣ್ಣೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನೊಳಗೆ ತೇವ ಕಟ್ಟಿಕೊಂಡು ಬೂಷ್ಟು ಬರುತ್ತದೆ. ಜರಿಯ ರೇಷ್ಮೆಗೆ ನುಸಿಗುಳಿಗೆ ತಾಗಿಸಬೇಡಿ, ಜರಿ ಕಪ್ಪಾಗುತ್ತದೆ. ಒಣಗಿಸಿದ ಬೇವಿನ ಸೊಪ್ಪನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ರೇಷ್ಮೆ ಬಿರಿಯುತ್ತದೆ.

ಒಂದು ಸೀರೆಯನ್ನು, ಅವರು ಕೊನೆಗೆ ಉಟ್ಟು ತೊಳೆಯದೆ ಉಳಿದದ್ದನ್ನು, ತೊಳೆಯದೆಯೇ ಬೇರೆಯಾಗಿ ಇಡಬೇಕೆನಿಸಿದರೆ ಇಡಿ. ವಾಸನೆ ಕೆಲವು ತಿಂಗಳಲ್ಲಿ ಹೋಗುತ್ತದೆ, ಅದನ್ನು ಹಿಡಿದಿಡುವ ಉಪಾಯ ಯಾವುದೂ ಇಲ್ಲ. ಉಳಿದವುಗಳಲ್ಲಿ ಹಳೆಯ ಮೆತ್ತನೆಯ ಹತ್ತಿ ಸೀರೆ ಕೌದಿಗೆ ಒಳ್ಳೆಯದು. ಒಂದು ದೊಡ್ಡ ಕೌದಿಗೆ ಪದರ ಸೇರಿ ಐದಾರು ಸೀರೆ ಬೇಕು.

ಅಮ್ಮ ಹಾಕಿದ ಕೊನೆಯ ಭರಣಿ ಉಪ್ಪಿನಕಾಯಿ ಉಳಿದಿದೆ.

ತಿನ್ನಿ. ಇಟ್ಟುಕೊಂಡು ನೋಡಲು ಅದು ಫೋಟೊ ಅಲ್ಲ. ಒದ್ದೆ ಸೌಟು ತಾಗಿದರೆ, ಮಳೆಗಾಲದಲ್ಲಿ ಬಾಯಿಬಟ್ಟೆ ಸಡಿಲವಾದರೆ ಮೇಲೆ ಬಿಳಿ ಪದರ ಕಟ್ಟುತ್ತದೆ, ಮಿಡಿ ಮೆತ್ತಗಾಗುತ್ತದೆ. ಒಣ ಸೌಟಿನಿಂದ ಸಣ್ಣ ಬಾಟಲಿಗಳಿಗೆ ತುಂಬಿ ಮಕ್ಕಳ ಮನೆಗೆಲ್ಲ ಒಂದೊಂದು ಕಳಿಸಿ, ಫ್ರಿಜ್ಜಿನಲ್ಲಿಡಿ. ಅವರ ಭರಣಿಯಲ್ಲೇ ಮುಂದಿನ ವರ್ಷದ ಮಿಡಿ ಹಾಕಿ.

## ಮನಸ್ಸಿನ ವಿಷಯ

ಅಳುವೇ ಬರುತ್ತಿಲ್ಲ. ನನಗೆ ಅಮ್ಮನ ಮೇಲೆ ಪ್ರೀತಿ ಇರಲಿಲ್ಲವಾ?

ಹನ್ನೊಂದು ದಿನ ಓಡಾಡಿದವರಿಗೆ ಹೆಚ್ಚಾಗಿ ಹೀಗೇ. ಅಳು ಆಮೇಲೆ, ಸಂಬಂಧವೇ ಇಲ್ಲದ ಹೊತ್ತಿನಲ್ಲಿ ಬರುತ್ತದೆ: ಅಂಗಡಿಯಲ್ಲಿ ಅವರ ಬ್ರಾಂಡಿನ ಪೌಡರ್ ಡಬ್ಬಿ ಕಂಡಾಗ, ಸಂಜೆ ಅವರು ಫೋನು ಮಾಡುತ್ತಿದ್ದ ಗಂಟೆಗೆ. ವರ್ಷಗಟ್ಟಲೆ ಮಲಗಿದ್ದ ತಾಯಿಯನ್ನು ನೋಡಿಕೊಂಡವರಿಗೆ ಮೊದಲು ಬರುವುದು ನಿರಾಳ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಬೇಗ ಆಸ್ಪತ್ರೆಗೆ ಒಯ್ದಿದ್ದರೆ ಬದುಕುತ್ತಿದ್ದರು ಎಂದು ಕೊರೆಯುತ್ತದೆ.

ಆ ರಾತ್ರಿ ನಿಮಗೆ ಏನು ಗೊತ್ತಿತ್ತು ಎಂದು ಒಂದು ಹಾಳೆಯಲ್ಲಿ, ಈಗ ಏನು ಗೊತ್ತು ಎಂದು ಇನ್ನೊಂದರಲ್ಲಿ ಬರೆಯಿರಿ. ಕೊರಗು ಯಾವಾಗಲೂ ಎರಡನೆಯ ಹಾಳೆ ಹಿಡಿದು ಮೊದಲನೆಯ ರಾತ್ರಿಗೆ ತೀರ್ಪು ಕೊಡುತ್ತದೆ. ಚಿಕಿತ್ಸೆ ನೀಡಿದ ಡಾಕ್ಟರರ ಹತ್ತಿರ ಒಂದು ತಿಂಗಳ ಮೇಲೆ ಹೋಗಿ ನೇರವಾಗಿ ಕೇಳಬಹುದು, ಹೆಚ್ಚಿನವರು ವಿವರಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಕೊರಗು ಉಂಟು: 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಲಾಕ್‌ಡೌನಿನಲ್ಲಿ, ಕರ್ನಾಟಕ ಗಡಿಯ ತಲಪಾಡಿಯ ದಾರಿ ಮುಚ್ಚಿ, ಆಂಬುಲೆನ್ಸುಗಳು ಮಂಗಳೂರಿಗೆ ದಾಟಲಾಗದೆ ಉಳಿದ ದಿನಗಳದ್ದು. ಆಗ ತಾಯಿಯನ್ನು ಕಳೆದುಕೊಂಡವರು ಇಂದಿಗೂ ತಮ್ಮನ್ನೇ ದೂರಿಕೊಳ್ಳುತ್ತಾರೆ. ಸಿಟ್ಟಿಗೆ ಅಲ್ಲಿ ಕಾರಣ ಇದೆ. ಅಪರಾಧ ಮಾತ್ರ ಮಕ್ಕಳದ್ದಲ್ಲ.

ಅಡುಗೆಮನೆಯಲ್ಲಿ ಅಮ್ಮನ ಬಳೆ ಸದ್ದು ಕೇಳಿದ ಹಾಗಾಗುತ್ತದೆ. ತಲೆ ಕೆಟ್ಟಿದೆಯಾ?

ಇಲ್ಲ. ಹತ್ತಿರದವರನ್ನು ಕಳೆದುಕೊಂಡ ಬಹಳಷ್ಟು ಜನರಿಗೆ ಮೊದಲ ತಿಂಗಳುಗಳಲ್ಲಿ ದನಿ, ಹೆಜ್ಜೆ, ವಾಸನೆ ಬಂದಂತಾಗುತ್ತದೆ. ಮನಸ್ಸು ಅಭ್ಯಾಸಬಲದಿಂದ ಕಾಯುತ್ತಿರುತ್ತದೆ. ಆ ದನಿ ಹೆದರಿಸತೊಡಗಿದರೆ, ಹೀಗೆ ಮಾಡು ಎಂದು ಅಪ್ಪಣೆ ಕೊಡತೊಡಗಿದರೆ ಡಾಕ್ಟರರನ್ನು ಕಾಣಬೇಕು.

ಎಷ್ಟು ದಿನ ಹೀಗಿರುತ್ತದೆ? ಯಾವಾಗ ಸಹಾಯ ಕೇಳಬೇಕು?

ಅಲೆಯ ಹಾಗೆ ಬಂದು ಹೋಗುತ್ತಾ, ನಡುವಿನ ಬಿಡುವು ಹೆಚ್ಚುತ್ತಾ ಹೋದರೆ ಅದು ಸಹಜ. ಮೊದಲ ವಿಷು, ಮೊದಲ ದೀಪಾವಳಿ, ಅವರ ತಿಥಿಯ ವಾರ ಮತ್ತೆ ಜೋರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ದೀರ್ಘ ಶೋಕ ಎಂಬುದು ಒಂದು ಕಾಯಿಲೆಯಾಗಿ ಸೇರಿದೆ: ಆರು ತಿಂಗಳು ದಾಟಿದರೂ ತೀವ್ರ ಹಂಬಲ ಇಳಿಯದೆ, ಕೆಲಸ, ಸಂಸಾರ ನಿಂತುಹೋಗಿ, ತನ್ನ ಸಮುದಾಯದಲ್ಲಿ ರೂಢಿಯಾದ ಶೋಕಕ್ಕಿಂತ ಬಹಳ ಹೆಚ್ಚೇ ಆಗಿದ್ದರೆ. ಅಷ್ಟು ಕಾಯಬಾರದ ಲಕ್ಷಣಗಳೂ ಇವೆ. ವಾರಗಟ್ಟಲೆ ನಿದ್ದೆ ಊಟ ಇಲ್ಲದಿರುವುದು, ಕುಡಿತ ಹೆಚ್ಚುವುದು, "ಅಮ್ಮನ ಹತ್ತಿರ ಹೋಗಿಬಿಡಬೇಕು" ಎಂಬ ಮಾತು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಮೊಮ್ಮಕ್ಕಳಿಗೆ "ಅಜ್ಜಿ ನಿದ್ದೆ ಮಾಡಿದ್ದಾರೆ" ಎಂದೆವು. ಈಗ ಮಗು ಮಲಗಲು ಹೆದರುತ್ತದೆ.

ನಿದ್ದೆ, ಪ್ರಯಾಣ, ದೇವರು ಕರೆದುಕೊಂಡರು ಎಂಬ ಮಾತುಗಳಿಂದ ಹೀಗೇ ಆಗುತ್ತದೆ. ಈಗಲೂ ತಿದ್ದಬಹುದು: "ಅಜ್ಜಿ ಸತ್ತುಹೋದರು. ಅವರ ಶರೀರ ಕೆಲಸ ಮಾಡುವುದು ನಿಂತಿತು. ಅವರಿಗೆ ಈಗ ನೋವು ಇಲ್ಲ, ವಾಪಸು ಬರುವುದಿಲ್ಲ. ನಿದ್ದೆ ಬೇರೆ, ಇದು ಬೇರೆ." ಮಗು ಇದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತದೆ. ಹತ್ತು ಸಲವೂ ಇದೇ ಉತ್ತರ ಕೊಡಿ.

ಅಪ್ಪ ಒಬ್ಬರೇ ಉಳಿದರು. ಬೆಂಗಳೂರಿಗೆ ಕರೆದುಕೊಂಡು ಹೋಗುವುದಾ?

ಮೊದಲ ಕೆಲವು ತಿಂಗಳು ಬೇಡ, ಅವರೇ ಕೇಳಿದರೆ ಬೇರೆ ಮಾತು. ತೋಟ, ಹಟ್ಟಿ, ಸಂಜೆಯ ಪೇಟೆ ಇವೇ ಅವರನ್ನು ನಿಲ್ಲಿಸುವುದು. ಐವತ್ತು ವರ್ಷದಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದವರು ಅವರು: ಡಬ್ಬಿಗಳಿಗೆ ದೊಡ್ಡ ಅಕ್ಷರದ ಚೀಟಿ ಅಂಟಿಸಿ, ಬೆಳಿಗ್ಗೆ ರಾತ್ರಿಯ ಮಾತ್ರೆಯನ್ನು ವಾರದ ಡಬ್ಬಿಗೆ ತುಂಬಿಡಿ, ಗಂಜಿ ಚಟ್ನಿ ಮಾಡಲು ಕಲಿಸಿ. ಅಮ್ಮ ಹೇಳಿ ತಿನ್ನಿಸುತ್ತಿದ್ದ ರಕ್ತದೊತ್ತಡದ ಮಾತ್ರೆ ತಪ್ಪುವುದೇ ಅಪ್ಪಂದಿರಿಗೆ ಆಗುವ ಮೊದಲ ಅಪಾಯ.

## ನೆನಪನ್ನು ಉಳಿಸುವುದು

ಅಮ್ಮನ ಫೋನಿನಲ್ಲಿರುವ ದನಿಯನ್ನು ಹೇಗೆ ಉಳಿಸುವುದು?

ಇದಕ್ಕೆ ಗಡುವು ಇದೆ. ವಾಟ್ಸಾಪ್ ಖಾತೆ 120 ದಿನ ಬಳಸದೆ ಬಿದ್ದರೆ ಅಳಿಯುತ್ತದೆ. ಪ್ರಿಪೇಯ್ಡ್ ಸಿಮ್ 90 ದಿನ ಬಳಸದಿದ್ದರೆ ನಿಂತು, ನಂಬರು ಮುಂದೆ ಇನ್ಯಾರಿಗೋ ಹೋಗಬಹುದು. ಬ್ಯಾಂಕಿನ ಓಟಿಪಿ ಬರುವುದೂ ಆ ನಂಬರಿಗೇ ಆದ್ದರಿಂದ ಕಾಗದದ ಕೆಲಸ ಮುಗಿಯುವವರೆಗೆ ಸಣ್ಣ ರೀಚಾರ್ಜು ಹಾಕಿಸುತ್ತಿರಿ. ವಾಯ್ಸ್ ಮೆಸೇಜುಗಳ ಫೋಲ್ಡರನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ. ಅವರು ನಿಮಗೆ ಕಳಿಸಿದ್ದು ನಿಮ್ಮ ಫೋನಿನಲ್ಲೂ ಇರುತ್ತದೆ. ಜಾಗ ಸಾಲದೆಂದು ಅಳಿಸುವ ಮೊದಲು ನೋಡಿ. ಪ್ರತಿ ಫೈಲಿಗೂ ತಾರೀಕು ಮತ್ತು ಒಂದು ಮಾತು ಸೇರಿಸಿ ಹೆಸರಿಡಿ, "ಹಲಸಿನ ಹಪ್ಪಳ ಕಳಿಸಿದ್ದು" ಎಂಬ ಹಾಗೆ. ಪೆನ್‌ಡ್ರೈವಿನಲ್ಲಿ ಒಂದು, ಇನ್ನೊಬ್ಬ ಮಗನ ಮನೆಯಲ್ಲಿ ಒಂದು ಪ್ರತಿ ಇರಲಿ.

ಅಮ್ಮನ ಅಡುಗೆ ಬರೆದಿಟ್ಟಿಲ್ಲ. ಈಗ ಆ ರುಚಿ ಮತ್ತೆ ಹಿಡಿಯಬಹುದಾ?

ಬಹುಮಟ್ಟಿಗೆ ಹಿಡಿಯಬಹುದು. ಅವರ ಅಳತೆಯ ಪಾತ್ರೆಗಳನ್ನು, ಕುಡ್ತೆ, ಗೆರಟೆಯ ಸೌಟು, ಸಾಸಿವೆ ಡಬ್ಬಿಯ ಚಮಚ ಇವನ್ನು ಮೊದಲು ತೆಗೆದಿಟ್ಟು, ನೀರು ತುಂಬಿಸಿ ಎಷ್ಟು ಮಿಲಿ ಎಂದು ಬರೆಯಿರಿ. "ಒಂದು ಕಡಿ ಕಾಯಿ" ಎಂದರೆ ಅರ್ಧ ತೆಂಗಿನಕಾಯಿ. "ಲಿಂಬೆ ಗಾತ್ರದ ಹುಳಿ" 20–25 ಗ್ರಾಂ ಹತ್ತಿರ. ಚಿಕ್ಕಮ್ಮಂದಿರನ್ನು ಕೇಳಿ, ಜೊತೆಗೆ ಅಡುಗೆ ಮಾಡಿದ ಸೊಸೆಯನ್ನು ಕೇಳಿ. ಆಮೇಲೆ ಮಾಡಿ ನೋಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಹತ್ತಿರ ಬಂತು ಎಂದು ತಿಳಿಯುವುದಿಲ್ಲ.

ರುಚಿ ತಪ್ಪುವುದು ಹೆಚ್ಚಾಗಿ ಮೂರು ಕಡೆ. ಹುಳಿ: ಹುಣಸೆಯೋ, ಪುನರ್ಪುಳಿಯೋ, ಬಿಂಬುಳಿಯೋ, ಒಣಮಾವೋ. ಅರೆಯುವುದು: ಕಲ್ಲಿನಲ್ಲಿ ಅರೆದದ್ದು ತಣ್ಣಗೆ, ತುಸು ತರಿಯಾಗಿ ಇರುತ್ತದೆ, ಮಿಕ್ಸಿಯದು ಬಿಸಿಯಾಗಿ ನಯ. ಮೂರನೆಯದು ಹೊತ್ತು. ಬೆಳಿಗ್ಗೆ ಮಾಡಿ ರಾತ್ರಿ ಮತ್ತೆ ಕುದಿಸಿ ಬಡಿಸುತ್ತಿದ್ದ, ಸಾಂಬಾರಿನಂಥ ಕೊದಿಲನ್ನು ನೀವು ಆಗಲೇ ಮಾಡಿ ಆಗಲೇ ತಿಂದರೆ ಅದೇ ರುಚಿ ಎಲ್ಲಿಂದ ಬರಬೇಕು?

ಬರೆದದ್ದನ್ನು ಓದಿ ರೆಕಾರ್ಡು ಮಾಡಿಯೂ ಇಡಿ. ಮಲಯಾಳ, ಇಂಗ್ಲಿಷ್ ಮಾಧ್ಯಮದ ಮೊಮ್ಮಕ್ಕಳಿಗೆ ಅಜ್ಜಿಯ ಕನ್ನಡ ಕೈಬರಹ ಓದಲು ಬಾರದ ಮನೆಗಳು ಇಲ್ಲಿ ಹೆಚ್ಚುತ್ತಿವೆ. ಕೇಳಿದರೆ ಅವಕ್ಕೆ ಅರ್ಥವಾಗುತ್ತದೆ.

ದೊಡ್ಡ ಫೋಟೊ ಎರಡೇ ಮಳೆಗಾಲಕ್ಕೆ ಕಲೆ ಬಿದ್ದಿದೆ. ಯಾಕೆ?

ಪಟ ಗಾಜಿಗೆ ಅಂಟಿಕೊಂಡಿದೆ, ಅಥವಾ ಮಳೆ ಹೊಡೆಯುವ ಪಡುಗೋಡೆಯಲ್ಲಿ ತೂಗಿದೆ. ಕೆಂಪುಕಲ್ಲಿನ ಗೋಡೆ ನೀರು ಹೀರುತ್ತದೆ. ಒಳಗೋಡೆಗೆ ಹಾಕಿ, ಫ್ರೇಮು ಕಟ್ಟಿಸುವಾಗ ಗಾಜಿಗೂ ಪಟಕ್ಕೂ ನಡುವೆ ದಪ್ಪ ಕಾಗದದ ಅಂಚು ಇಡಿಸಿ, ಹಿಂದಿನ ಮೂಲೆಗಳಿಗೆ ಬಿರಡೆ ಅಂಟಿಸಿ ಗಾಳಿಯಾಡಲು ಬಿಡಿ. ಗೋಡೆಗೆ ಹಾಕುವುದು ಪ್ರತಿ ಮಾತ್ರ, ಮೂಲವನ್ನು 600 ಡಿಪಿಐಯಲ್ಲಿ ಸ್ಕ್ಯಾನು ಮಾಡಿಸಿ ಒಳಗಿಡಿ. ಹಿಂಬದಿಯಲ್ಲಿ ಹೆಸರು, ಊರು, ವರ್ಷ ಪೆನ್ಸಿಲಿನಲ್ಲಿ ಬರೆಯಿರಿ.

ದಹನದ ಜಾಗದಲ್ಲಿ ತೆಂಗು ನೆಡಬೇಕೆಂದಿದ್ದೇವೆ. ಕೂಡಲೇ ನೆಟ್ಟರೆ ಆಗುತ್ತದಾ?

ಒಂದು ಮಳೆಗಾಲ ಕಳೆಯಲಿ. ಹಸಿ ಬೂದಿ ರಾಶಿಯಿದ್ದಲ್ಲಿ ಎಳೆ ಬೇರು ಸುಟ್ಟುಹೋಗುತ್ತದೆ, ಸಸಿ ಸತ್ತರೆ ಅದನ್ನೊಂದು ಶಕುನ ಮಾಡಿಕೊಂಡು ಅಳುವವರಿದ್ದಾರೆ. ಕೆಂಪುಕಲ್ಲಿನ ಜಾಗಕ್ಕೆ ಉದ್ದ, ಅಗಲ, ಆಳ 1.2 ಮೀಟರಿನ ಗುಂಡಿ ಬೇಕು. ಆರು ತಿಂಗಳು ಮುಂಚೆ 2 ಕಿಲೊ ಉಪ್ಪು ಹಾಕಿದರೆ ಕಲ್ಲು ಮೆತ್ತಗಾಗುತ್ತದೆ. ಅಡಿಗೆ ತೆಂಗಿನ ಸಿಪ್ಪೆ, ಮೇಲೆ ಮೇಲ್ಮಣ್ಣು, ಹಟ್ಟಿಗೊಬ್ಬರ. ಪಕ್ಕದ ತೆಂಗಿನಿಂದ 7.5 ಮೀಟರ್ ದೂರ ಇರಲಿ, ಜೂನ್ ಮಳೆ ಹಿಡಿದ ಮೇಲೆ ನೆಡಿ. ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಿಂದ ಇರುವಂಥದ್ದು, ನಮ್ಮ ಜಿಲ್ಲೆಯದೇ. ಸಸಿಗೆ, ಸಲಹೆಗೆ ಅಲ್ಲಿ ವಿಚಾರಿಸಬಹುದು. ಎತ್ತರದ ಊರ ತಳಿ ಫಸಲಿಗೆ ಆರೇಳು ವರ್ಷ ತೆಗೆದುಕೊಳ್ಳುತ್ತದೆ, ಗಿಡ್ಡ ತಳಿ ಮೂರು ನಾಲ್ಕು. ಜಾಗ ಮುಂದೆ ಪಾಲಾಗಲಿದ್ದರೆ ಅಮ್ಮನ ತೆಂಗು ಯಾರ ಪಾಲಿಗೆ ಬರಬೇಕು ಎಂಬುದನ್ನು ನೆಡುವ ಮೊದಲೇ ಮಾತಾಡಿಕೊಳ್ಳಿ.

ಅಮ್ಮ ಕಲಿತ ಶಾಲೆಯಲ್ಲಿ ದತ್ತಿನಿಧಿ ಇಡಲು ಎಷ್ಟು ಬೇಕು?

ಬಡ್ಡಿ ಶೇಕಡಾ 6.5 ಹಿಡಿದರೆ 25,000 ರೂಪಾಯಿಗೆ ವರ್ಷಕ್ಕೆ 1,625 ಬರುತ್ತದೆ. ಇಬ್ಬರು ಮಕ್ಕಳಿಗೆ ಪುಸ್ತಕ, ಚೀಲ ಕೊಡಬಹುದು. 5,000ದ ನಿಧಿಯಿಂದ ಹತ್ತು ವರ್ಷದ ನಂತರ ಒಂದು ಕಂಪಾಸು ಪೆಟ್ಟಿಗೆಯೂ ಬರಲಿಕ್ಕಿಲ್ಲ. ಅದಕ್ಕಿಂತ ಆ ಹಣಕ್ಕೆ ಈಗಲೇ ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ಕೊಡಿಸುವುದು ಮೇಲು. ಠೇವಣಿ ಶಾಲೆಯ ಹೆಸರಿನಲ್ಲಿರಲಿ, ಮುಖ್ಯೋಪಾಧ್ಯಾಯರ ಸ್ವಂತ ಹೆಸರಿನಲ್ಲಿ ಬೇಡ. ವರ್ಗವಾಗಿ ಹೋದಾಗ ಕಾಗದವೂ ಹೋಗುತ್ತದೆ. ಯಾರಿಗೆ, ಯಾವಾಗ, ಕನ್ನಡ ಮಾಧ್ಯಮದ ತರಗತಿಯೇ ಮುಚ್ಚಿದರೆ ಹಣ ಎಲ್ಲಿಗೆ ಎಂದು ಒಂದು ಪುಟದಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿ. ಗಡಿನಾಡಿನ ಶಾಲೆಗಳ ಮಟ್ಟಿಗೆ ಆ ಕೊನೆಯ ಸಾಲನ್ನು ಬಿಡಬೇಡಿ.